ಕಾಲುಚೀಲದ ಪಟ್ಟಿ, ಸೈಕಲ್ ಟ್ಯೂಬು

ಹಿರಿಯೂರಿಗೆ ಸೊಸೆಯಾಗಿ ಬಂದ ನನಗೆ ಕಾರೆಂದರೆ ಹಿಂದಿನ ಸೀಟಷ್ಟೇ ಗೊತ್ತಿತ್ತು. 1994ರ ಮಳೆಗಾಲದ ಒಂದು ಸಂಜೆ ತಂಗಿಯ ಹೆರಿಗೆಗೆಂದು ದಾವಣಗೆರೆಯ ತವರಿಗೆ ಹೊರಟೆವು. ಐಮಂಗಲ ದಾಟುತ್ತಲೇ ನಮ್ಮ ಹಳೆಯ ಕಾರು ಕೆಮ್ಮತೊಡಗಿತು. ಜಗ್ಗಿತು, ಮಿಸ್ ಹೊಡೆಯಿತು, ಕೊನೆಗೆ ನಿಂತೇಬಿಟ್ಟಿತು.

ನಮ್ಮವರು ಬಾನೆಟ್ಟು ಎತ್ತಿ ಪೆಟ್ರೋಲ್ ಪೈಪು ಊದಿದರು, ಒಳಗೆ ಕೂತು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು. ಕತ್ತಲಾಗಿತ್ತು. ಎದುರಿಗೆ ನಿಂತಿದ್ದ ನನಗೆ ಪ್ಲಗ್ಗಿನ ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದ್ದು ಕಂಡಿತು. ಹೇಳಿದೆ.

“ನಿನಗೇನು ಗೊತ್ತು, ಸುಮ್ಮನಿರು.”

ಲಾರಿ ನಿಲ್ಲಿಸಿ ಇಳಿದು ಬಂದ ಡ್ರೈವರು ಬಗ್ಗಿ ನೋಡಿದ. “ಅಕ್ಕಾರು ಹೇಳಿದ್ದೇ ಸರಿ ಸಾರ್, ವೈರು ಸೀಳೈತೆ. ಕರೆಂಟು ಪ್ಲಗ್ಗಿಗೆ ಹೋಗದೆ ಇಂಜಿನ್ ಮೇಲೆ ಹಾರ್ತೈತೆ.” ವೈರಿನ ತೇವ ಒರೆಸಿ, ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿದ. ಕಾರು ಹೊರಟಿತು.

ಬ್ಯಾಟರಿಯ ಹನ್ನೆರಡು ವೋಲ್ಟನ್ನು ಕಾಯಿಲು ಹತ್ತಾರು ಸಾವಿರಕ್ಕೆ ಏರಿಸುತ್ತದೆ. ಅದನ್ನು ಸರದಿಯ ಮೇಲೆ ಒಂದೊಂದು ಪ್ಲಗ್ಗಿಗೂ ಹಂಚುವುದು ರೋಟರು, ಕ್ಯಾಪು. ಅಷ್ಟು ರಭಸದ ಕರೆಂಟಿಗೆ ವೈರಿನ ಸಿಪ್ಪೆಯ ಒಂದು ಬಿರುಕು ಸಾಕು, ಅಲ್ಲಿಂದಲೇ ಹೊರಗೆ ಹಾರುತ್ತದೆ. ಮಳೆಯ ತೇವವಿದ್ದರಂತೂ ಕೇಳುವುದೇ ಬೇಡ. ಇದನ್ನೆಲ್ಲ ತಿಳಿದುಕೊಂಡದ್ದು ಆಮೇಲೆ, ಹಟ ಹಿಡಿದು.

ಹಾಗೆ ಓದುತ್ತಿದ್ದಾಗ ಸಿಕ್ಕವಳು ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಅವನು ಮಾಡಿದ್ದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಅವಳೂ ಹೊರಟದ್ದು ತವರಿಗೇ! ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ವೈರು ಸವೆದಾಗ ಕಾಲುಚೀಲ ಜಾರದಂತೆ ಕಟ್ಟುವ ತನ್ನ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳಂತೆ. ಮದುವೆಗೆ ಮುಂಚೆಯೇ ವರದಕ್ಷಿಣೆಯ ಹಣವನ್ನು ಕಾರ್ಲ್ ಬೆಂಜನ ಕಾರ್ಖಾನೆಗೆ ಹಾಕಿದ್ದವಳೂ ಅವಳೇ. 1886ರ ಪೇಟೆಂಟಿನಲ್ಲಿ ಮಾತ್ರ ಅವಳ ಹೆಸರಿಲ್ಲ.

ಆ ಕಿಡಿಯ ವಿದ್ಯೆ ನಮ್ಮಲ್ಲಿಗೂ ಬಂತು. ಜರ್ಮನಿಯ ಬಾಷ್ ಕಂಪನಿಯ ಒಡನಾಟದಲ್ಲಿ 1951ರಲ್ಲಿ ಶುರುವಾದ ಮೈಕೋ, ಸ್ಪಾರ್ಕ್ ಪ್ಲಗ್ಗನ್ನು ಕನ್ನಡನಾಡಿನಲ್ಲೇ ತಯಾರಿಸಿತು. ಆಡುಗೋಡಿಯ ಮೈಕೋ ಎಂದರೆ ಗೊತ್ತಿಲ್ಲದವರಿರಲಿಲ್ಲ. 2008ರಲ್ಲಿ ಅದರ ಹೆಸರೇ ಬಾಷ್ ಆಯಿತು. ಈಗಿನ ಅನೇಕ ಕಾರುಗಳಲ್ಲಿ ಪ್ಲಗ್ಗಿನ ತಲೆಯ ಮೇಲೇ ಕಾಯಿಲು ಕೂತಿರುತ್ತದೆ. ಸೀಳಲು ಆ ಉದ್ದನೆಯ ವೈರೇ ಇಲ್ಲ.

ಮರುದಿನ ದಾವಣಗೆರೆಯ ಶೆಡ್ಡಿನಲ್ಲಿ ನಾಲ್ಕು ವೈರು, ಕ್ಯಾಪು, ರೋಟರು ಎಲ್ಲ ಹೊಸದಾದವು. ಹಳೆಯದರ ಜೊತೆ ಎಸೆಯಹೊರಟಿದ್ದ ಟ್ಯೂಬಿನ ತುಂಡನ್ನು ನಾನು ಕೇಳಿ ಇಸಕೊಂಡೆ. ತವರಿನ ಜಗಲಿಯಲ್ಲಿ ನಮ್ಮವರು ಅಪ್ಪನಿಗೆ ಕಥೆ ಹೇಳುತ್ತಿದ್ದರು: “ನೀಲಿ ಕಿಡಿ ಕಂಡ ಕೂಡಲೇ ನನಗೆ ಗೊತ್ತಾಯಿತು ಮಾವ, ಇದು ವೈರಿನದೇ ಕೆಲಸ ಅಂತ.”