ಸಚಿವರ ಊರಲ್ಲಿ ಅಕ್ಷರ ತಿದ್ದುವುದು

ಪುಣೆಯ ಕನ್ನಡಿಗರಿಗೆ ಭೋರ್ ಎಂದರೆ ಮಳೆಗಾಲದ ವರಂಧ ಘಾಟು, ಭಾಟಘರ ಜಲಾಶಯ, ಸಿನಿಮಾದವರು ಶೂಟಿಂಗಿಗೆ ಹಿಡಿಯುವ ರಾಜವಾಡೆ. ಆ ವಾಡೆಯ ಮನೆತನದ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ: ಪಂತ ಸಚಿವ. ಲೇಖನಿಯಿಂದ ಬಂದ ಬಿರುದು ಅದು.

ಶಿವಾಜಿಯ ಅಷ್ಟಪ್ರಧಾನರಲ್ಲಿ ಸುರನೀಸ, ಅಂದರೆ ಸಚಿವ, ರಾಜಪತ್ರಗಳನ್ನು ಓದಿ ನೋಡುವವನು. ಅಕ್ಷರ ಹೆಚ್ಚು ಕಡಿಮೆಯಾಗಿದ್ದರೆ ಅವನು ಸರಿಪಡಿಸಬೇಕು, ಆಮೇಲೆಯೇ ಕಾಗದ ಹೊರಡಬೇಕು. ರಾಜಾರಾಮ ಜಿಂಜಿಯಿಂದ ಆಳುತ್ತಿದ್ದ ಕಾಲದಲ್ಲಿ (ಅಲ್ಲಿಗೆ ಹೋಗುವ ದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟವಳು ನಮ್ಮ ಕೆಳದಿಯ ಚೆನ್ನಮ್ಮ) ಈ ಪದವಿ ಶಂಕರಾಜಿ ನಾರಾಯಣನಿಗೆ ಬಂತು. ಕೋಟೆಗಳನ್ನೂ ಗೆದ್ದವನೇ ಅವನು. ಆದರೂ 1697ರಿಂದ 1948ರ ವಿಲೀನದವರೆಗೆ ಭೋರಿನ ಅರಸರು ಸಚಿವರೆಂದೇ ಕರೆಸಿಕೊಂಡರು.

ಇಂಥ ಸೀಮೆಯಲ್ಲಿ ಮಕ್ಕಳು ಬರೆಯಲು ಕಲಿತದ್ದು ಹೇಗೆ? ಮರಾಠಿ ಸೀಮೆಯ ಪಂತೋಜಿಗಳ ಶಾಲೆಯಲ್ಲಿ ಹಲಗೆಯ ಮೇಲೆ ಧೂಳು ಹರಡಿ ಬರೆಸುತ್ತಿದ್ದರು. ಗುರು ಬರೆದ ಅಕ್ಷರದ ಮೇಲೆಯೇ ಹುಡುಗ ಮತ್ತೆ ಮತ್ತೆ ಕೈಯಾಡಿಸಬೇಕು. ಆಮೇಲೆ ಬೋರುವಿನ ಲೇಖನಿ, ಮೋಡಿ ಲಿಪಿ, ಹಳೆಯ ಕಾಗದಗಳ ಓದು. ಹಿರಿಯರಿಗೆ ಯಾವ ಒಕ್ಕಣೆ, ಸಾಹುಕಾರನಿಗೆ ಯಾವುದು ಎಂಬುದೆಲ್ಲ ಬಾಯಿಪಾಠ. ಕಲಿತವರು ಹೆಚ್ಚಾಗಿ ಬ್ರಾಹ್ಮಣರ, ವ್ಯಾಪಾರಿಗಳ ಗಂಡುಮಕ್ಕಳು. ಒಳ್ಳೆಯ ಗುಮಾಸ್ತರು ತಯಾರಾದರು, ಅದು ಸಣ್ಣ ಮಾತಲ್ಲ. ಆದರೆ ಹತ್ತು ವರ್ಷದ ಹುಡುಗ ತನ್ನ ಮಾತನ್ನು ತಾನೇ ಬರೆಯಲಿ ಎಂದು ಆ ಶಾಲೆ ಕೇಳುತ್ತಿರಲಿಲ್ಲ.

ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದ ಸಾಕು. ಮಗು ಅಕ್ಷರ ತಿದ್ದುತ್ತದೆ, ಮಾಸ್ತರರು ತಪ್ಪು ತಿದ್ದುತ್ತಾರೆ. ಸಚಿವ ಮಾಡುತ್ತಿದ್ದುದೂ ಅದನ್ನೇ.

ಇದೇ ಪುಣೆಯಲ್ಲಿ ಓದಿ ಹೋದ ಧಾರವಾಡದ ಡೆಪ್ಯುಟಿ ಚನ್ನಬಸಪ್ಪ ಹಿಡಿದದ್ದು ಇನ್ನೊಂದು ತುದಿಯನ್ನು. ಆಗ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ದರಬಾರು. ಮನೆಯಲ್ಲಿ ಆಡದ ಮಾತನ್ನು ಮಗು ಶಾಲೆಯಲ್ಲಿ ತಿದ್ದಬೇಕಿತ್ತು. ಚನ್ನಬಸಪ್ಪನವರು ಕನ್ನಡ ಶಾಲೆ ತೆರೆಸಿದರು, ಶಿಕ್ಷಕರನ್ನು ತಯಾರು ಮಾಡಿದರು. 1865ರಲ್ಲಿ ಶಿಕ್ಷಕರಿಗೆಂದೇ ‘ಮಠಪತ್ರಿಕೆ’ ಹೊರಟಿತು; ಅಲ್ಲಿ ಮಠವೆಂದರೆ ಶಾಲೆಯೇ. ಮುಂದೆ ಅದು ‘ಜೀವನ ಶಿಕ್ಷಣ’ವಾಯಿತು. ಮಗುವಿನ ಬರವಣಿಗೆ ಸುಧಾರಿಸಬೇಕಾದರೆ ಮೊದಲು ಅದರ ಮಾತು ಶಾಲೆಯೊಳಗೆ ಬರಬೇಕೆಂಬ ಅಷ್ಟು ಸರಳ ಸಂಗತಿಗೆ ಅವರು ಸರಕಾರದೊಡನೆ ಗುದ್ದಾಡಬೇಕಾಯಿತು.

ಭೋರಿನಿಂದ ಶಿರವಳ, ಲೋಣಂದದ ಮೇಲೆ ಹೋದರೆ ಫಲಟಣ. ಅಮೆರಿಕದಿಂದ ಬಂದ ಭಾಷಾವಿಜ್ಞಾನಿ ಮ್ಯಾಕ್ಸಿನ್ ಬರ್ನ್‌ಸನ್ ಆ ಊರಿನ ಆಡುಮಾತಿನ ಮೇಲೆಯೇ ಡಾಕ್ಟರೇಟ್ ಮಾಡಿ, ಭಾರತದ ಪ್ರಜೆಯಾಗಿ ಅಲ್ಲೇ ನೆಲೆಸಿದರು, ಕಮಲಾ ನಿಂಬಕರ ಬಾಲಭವನವೆಂಬ ಮರಾಠಿ ಶಾಲೆ ಕಟ್ಟಿದರು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಿಸದೆ, ಕೆಲವೇ ಅಕ್ಷರ ಮತ್ತು ಕಾಗುಣಿತದಿಂದ ಮಗು ಶಬ್ದ ಕಟ್ಟಲಿ ಎಂಬುದು ಅವರ ದಾರಿ. ಊರಿನ ಉಚ್ಚಾರದಲ್ಲಿ ಏನೇನು ಭೇದವಿದೆ ಎಂದು ವರ್ಷಗಟ್ಟಲೆ ಕಿವಿಗೊಟ್ಟು ಕೇಳಿದವರಿಗೆ ಮಗುವಿನ ಮಾತು ಅಶುದ್ಧವಾಗಿ ಕೇಳಿಸುವುದು ಕಷ್ಟ.

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡ ಮರಾಠಿ, ಹಿಂದಿ, ಇಂಗ್ಲಿಷ್ ಬೆರೆತ ಕನ್ನಡ. ಭಾನುವಾರ ಒಂದು ತಾಸು ಕೂಡಿಸಿ ನಾವು ಮಾಡಿಸುವುದು ಅ ಆ ಇ ಈ, ಕಾಪಿ, ಮತ್ತೆ ಕಾಪಿ. ಐವತ್ತೂ ಅಕ್ಷರ ಮುಗಿಯುವಷ್ಟರಲ್ಲಿ ಮಗುವಿಗೆ ಬೇಸರ ಹತ್ತಿರುತ್ತದೆ. ಹಾಗೂ ಹೀಗೂ ‘ಅಜ್ಜಿ, ನಂಗೆ ಸ್ಕೂಲಲ್ಲಿ ಬೋರ್ ಆಗತ್ತೆ’ ಎಂದು ಅದೊಂದು ಸಾಲು ಬರೆದರೆ ನಾವು ಕೆಂಪು ಪೆನ್ನು ಹುಡುಕುತ್ತೇವೆ. ಸಚಿವನ ಕೈಗಾದರೂ ಕಾಗದ ಬರುತ್ತಿದ್ದುದು ಯಾರೋ ಅದನ್ನು ಪೂರ್ತಿ ಬರೆದ ಮೇಲೆ. ಆ ಒಂದು ಸಾಲಿನ ಕಾಗದವನ್ನು ಹಾಗೆಯೇ ಅಂಚೆಗೆ ಹಾಕಬಹುದು. ಗದಗಿನಲ್ಲೋ ಗೋಕಾಕದಲ್ಲೋ ಇರುವ ಅಜ್ಜಿ ಉತ್ತರ ಬರೆಯುತ್ತಾಳೆ, ಬಹುಶಃ ಬೋರ್ ಅಂದರೆ ಏನು ಎಂದು ಕೇಳಿ.