ಊರೂರು ತಿರುಗಿದ ‘ಅಂಕಲ್ ಟುಪೆಲೊ’

ಜನಪ್ರಿಯ ಸಂಗೀತದ ಚರಿತ್ರೆಯನ್ನು ಮಾರಾಟದ ಲೆಕ್ಕ ಹಿಡಿದು ಬರೆಯುವುದು ರೂಢಿ. ಎಷ್ಟು ಲಕ್ಷ ಪ್ರತಿ ಖರ್ಚಾಯಿತು, ಎಷ್ಟು ವಾರ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು ಎಂಬುದೇ ಅಲ್ಲಿ ಮುಖ್ಯ. ಈ ಅಳತೆಯಲ್ಲಿ ನೋಡಿದರೆ ‘ಅಂಕಲ್ ಟುಪೆಲೊ’ ಎಂಬ ಅಮೆರಿಕದ ತಂಡಕ್ಕೆ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯೂ ದೊರೆಯಲಾರದು. 1987ರಲ್ಲಿ ಆ ಹೆಸರಿಟ್ಟುಕೊಂಡು, 1994ರ ಮೇ 1ರಂದು ಕೊನೆಯ ಕಾರ್ಯಕ್ರಮ ನೀಡಿ ಚದುರಿಹೋದ ತಂಡ ಅದು. ಹೊರತಂದದ್ದು ನಾಲ್ಕೇ ಆಲ್ಬಮ್. ತಂಡ ಬದುಕಿದ್ದಾಗ ಮೊದಲ ಎರಡೂ ಸೇರಿ ಖರ್ಚಾದದ್ದು 40 ಸಾವಿರ ಚಿಲ್ಲರೆ ಪ್ರತಿಗಳು ಮಾತ್ರ. ಅಮೆರಿಕದಂಥ ದೇಶದಲ್ಲಿ ಇದು ಲೆಕ್ಕಕ್ಕೇ ಬಾರದ ಸಂಖ್ಯೆ.

ಆದರೂ ಈ ತಂಡ ಒಡೆದ ಮರುವರ್ಷವೇ ಅದರ ಮೊದಲ ಆಲ್ಬಮ್ಮಿನ ಹೆಸರಿನಲ್ಲಿ ಒಂದು ಪತ್ರಿಕೆ ಹುಟ್ಟಿತು. ತಂಡದ ಎರಡು ಹೋಳುಗಳಿಂದ ಎರಡು ಹೊಸ ತಂಡಗಳು ಹುಟ್ಟಿ, ಎರಡಕ್ಕೂ ಮೊದಲ ದಿನದಿಂದಲೇ ಕೇಳುಗರು ಸಿದ್ಧವಾಗಿದ್ದರು. ಇದು ಹೇಗಾಯಿತೆಂಬುದಕ್ಕೆ ಉತ್ತರ ಅಂಗಡಿಯ ಲೆಕ್ಕದಲ್ಲಿಲ್ಲ, ರಸ್ತೆಯಲ್ಲಿದೆ. ಯಕ್ಷಗಾನ ಮೇಳದವರು ಬಳಸುವ ‘ತಿರುಗಾಟ’ ಎಂಬ ಮಾತನ್ನೇ ಇಲ್ಲಿ ಎರವಲು ಪಡೆಯುವುದಾದರೆ, ತಿರುಗಾಟವೇ ಈ ತಂಡವನ್ನು ಕಟ್ಟಿತು. ಕೊನೆಗೆ ಅದನ್ನು ಒಡೆಯುವುದರಲ್ಲಿಯೂ ತಿರುಗಾಟದ ಪಾಲಿತ್ತು.

ಎರಡು ಲೋಕದ ಹಾಡುಗಳು

ಕಂಟ್ರಿ ಸಂಗೀತವೆಂದರೆ ಮೂಲತಃ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗರ ಹಾಡು. ಪಿಟೀಲು, ಬ್ಯಾಂಜೊ, ಗಿಟಾರುಗಳ ಜೊತೆ ಹೊಲ, ಗಣಿ, ಚರ್ಚು, ಕುಡಿತ, ಸಾವುಗಳ ಕತೆ ಹೇಳುವ ಹಾಡು. ವರ್ಜೀನಿಯದ ಕಾರ್ಟರ್ ಕುಟುಂಬದವರು 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಮಾಡಿದ ಧ್ವನಿಮುದ್ರಣದಿಂದ ಅದರ ವ್ಯಾಪಾರಿ ಚರಿತ್ರೆ ಶುರುವಾಗುತ್ತದೆ ಎನ್ನುವುದುಂಟು. ರಾಕ್ ಸಂಗೀತ ಅದರ ನಂತರದ್ದು. ಅದು ವಿದ್ಯುತ್ ಗಿಟಾರಿನ, ಪಟ್ಟಣದ ಹರೆಯದವರ ಸಂಗೀತ. ಅರವತ್ತರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ದಿನಗಳಲ್ಲಿ, ಈ ಎರಡರ ಕೇಳುಗರು ಒಬ್ಬರ ಮುಖ ಒಬ್ಬರು ನೋಡದಷ್ಟು ದೂರವಾಗಿದ್ದರು.

ಇವೆರಡನ್ನು ಬೆಸೆಯುವ ಪ್ರಯತ್ನಗಳಲ್ಲಿ ಮುಖ್ಯವಾದದ್ದು ‘ಬರ್ಡ್ಸ್’ ತಂಡ 1968ರಲ್ಲಿ ತಂದ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’. ಅದರ ಹಿಂದಿದ್ದ ಗ್ರಾಮ್ ಪಾರ್ಸನ್ಸ್ ಎಂಬ ಯುವಕನನ್ನು ಕಂಟ್ರಿ ರಾಕ್‌ನ ಆದಿಪುರುಷರಲ್ಲಿ ಒಬ್ಬನೆಂದು ಎಣಿಸುತ್ತಾರೆ. ಅದೇ ವರ್ಷ ಈ ತಂಡ ಕಂಟ್ರಿ ಸಂಗೀತದ ಗುಡಿಯೆನಿಸಿದ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ಯಲ್ಲಿ ಹಾಡಿದಾಗ ಸಿಕ್ಕಿದ್ದು ತಣ್ಣಗಿನ ಸ್ವಾಗತ. ಎಪ್ಪತ್ತರ ದಶಕದಲ್ಲಿ ‘ಈಗಲ್ಸ್’ ಮುಂತಾದ ಕ್ಯಾಲಿಫೋರ್ನಿಯದ ತಂಡಗಳು ಇದೇ ಬೆಸುಗೆಗೆ ನಯ, ಹೊಳಪು ಕೊಟ್ಟು ಕೋಟ್ಯಂತರ ಹಣ ಗಳಿಸಿದವು. ಹೊಳಪು ಹೆಚ್ಚಿದಷ್ಟೂ ಗಣಿ, ಕಾರ್ಖಾನೆಗಳ ಧೂಳು ಹಾಡಿನಿಂದ ಮರೆಯಾಯಿತು.

ಮೂವರು ಸಹಪಾಠಿಗಳು

ಆ ಧೂಳು ಮತ್ತೆ ಕಾಣಿಸಿಕೊಂಡದ್ದು ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನಲ್ಲಿ. ಮಿಸಿಸಿಪಿ ನದಿಯ ಆಚೆ ದಡದಲ್ಲಿ ಸೇಂಟ್ ಲೂಯಿಸ್ ಮಹಾನಗರ, ಈಚೆಗೆ ಬೆಲ್‌ವಿಲ್. ಜರ್ಮನ್ ವಲಸಿಗರು ಬೆಳೆಸಿದ ಊರು ಅದು. ಸುತ್ತ ಕಲ್ಲಿದ್ದಲ ಗಣಿಗಳು, ಊರೊಳಗೆ ಒಲೆ ಎರಕಹೊಯ್ಯುವ ಕಾರ್ಖಾನೆಗಳು, ಬಿಯರ್ ಭಟ್ಟಿ. ಎಂಬತ್ತರ ದಶಕದ ಹೊತ್ತಿಗೆ ಇವೆಲ್ಲ ಒಂದೊಂದಾಗಿ ಕಳೆಗುಂದಿದ್ದವು.

ಅಲ್ಲಿನ ಹೈಸ್ಕೂಲಿನಲ್ಲಿ ಜೊತೆಯಾದವರು ಜೇ ಫಾರರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್. ಫಾರರ್ ಗಿಟಾರ್, ಟ್ವೀಡಿ ಬೇಸ್ ಗಿಟಾರ್, ಹೈಡಾರ್ನ್ ಡ್ರಮ್ಸ್. ಮೊದಲು ‘ಪ್ರಿಮಿಟಿವ್ಸ್’ ಎಂದು ಹೆಸರಿಟ್ಟುಕೊಂಡಿದ್ದರು. ಅದೇ ಹೆಸರಿನ ತಂಡ ಇಂಗ್ಲೆಂಡಿನಲ್ಲಿದೆ ಎಂದು ತಿಳಿದ ಮೇಲೆ ‘ಅಂಕಲ್ ಟುಪೆಲೊ’ ಎಂದಾಯಿತು. ಸಂಬಂಧವಿಲ್ಲದ ಎರಡು ಪದಗಳನ್ನು ಜೋಡಿಸಿ ಮಾಡಿದ ಹೆಸರು ಅದು. ಆದರೆ ಟುಪೆಲೊ ಎಲ್ವಿಸ್ ಪ್ರೀಸ್ಲಿ ಹುಟ್ಟಿದ ಊರು ಎಂಬುದನ್ನು ಅಮೆರಿಕದ ಕೇಳುಗರು ಮರೆಯುವಂತಿಲ್ಲ. ನದಿ ದಾಟಿ ಸೇಂಟ್ ಲೂಯಿಸ್‌ನ ‘ಸಿಸೆರೋಸ್’ ಎಂಬ ಹೋಟೆಲಿನ ನೆಲಮಾಳಿಗೆಯಲ್ಲಿ ಇವರು ಮತ್ತೆಮತ್ತೆ ಹಾಡಿದರು. ಟ್ವೀಡಿ ಕೆಲಸ ಮಾಡುತ್ತಿದ್ದ ರೆಕಾರ್ಡ್ ಅಂಗಡಿಯಲ್ಲಿ ಪರಿಚಯವಾದ ಟೋನಿ ಮಾರ್ಗರಿಟಾ ತಂಡದ ವ್ಯವಸ್ಥಾಪಕರಾದರು.

ಪಂಕ್ ತಂಡಗಳು ತೆರೆದ ದಾರಿ

ದೊಡ್ಡ ಕಂಪನಿಯ ಬೆಂಬಲವಿಲ್ಲದೆ ತಿರುಗಾಟಕ್ಕೆ ಹೊರಡುವುದು ಹೇಗೆ? ಇದರ ಉತ್ತರವನ್ನು ಅವರಿಗಿಂತ ಮೊದಲೇ ಪಂಕ್ ತಂಡಗಳು ಕಂಡುಕೊಂಡಿದ್ದವು. ಕ್ಯಾಲಿಫೋರ್ನಿಯದ ‘ಬ್ಲ್ಯಾಕ್ ಫ್ಲ್ಯಾಗ್’, ‘ಮಿನಿಟ್‌ಮೆನ್’ ತಂಡಗಳು ಎಂಬತ್ತರ ದಶಕದ ಆರಂಭದಲ್ಲಿ ವ್ಯಾನು ಹತ್ತಿ ದೇಶ ಸುತ್ತಿದವು. ದೊಡ್ಡ ಸಭಾಂಗಣಗಳ ಬಾಗಿಲು ಅವುಗಳಿಗೆ ತೆರೆಯಲಿಲ್ಲ. ಹಾಗಾಗಿ ನೂರಿನ್ನೂರು ಜನ ಹಿಡಿಸುವ ಬಾರು, ನೆಲಮಾಳಿಗೆ, ಸಭಾಭವನ ಸಿಕ್ಕಲ್ಲಿ ಹಾಡಿದವು. ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೊ, ಅಭಿಮಾನಿಗಳು ಜೆರಾಕ್ಸ್ ಮಾಡಿ ಹಂಚುವ ಪುಟ್ಟ ಪತ್ರಿಕೆಗಳು ಮುಂದಾಗಿ ಸುದ್ದಿ ಮುಟ್ಟಿಸುತ್ತಿದ್ದವು. ಹೀಗೆ ಊರಿನಿಂದ ಊರಿಗೆ ಒಂದು ದಾರಿ ತಾನಾಗಿ ಬಿದ್ದಿತ್ತು.

ಅಂಕಲ್ ಟುಪೆಲೊ ನಡೆದದ್ದು ಈ ದಾರಿಯಲ್ಲಿಯೇ. ‘ಮಿನಿಟ್‌ಮೆನ್’ ತಂಡದ ಡಿ. ಬೂನ್ 1985ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿಯೇ ಈ ತಂಡ ಒಂದು ಹಾಡು ಮಾಡಿ ಎರಡನೆಯ ಆಲ್ಬಮ್ಮಿನಲ್ಲಿ ಸೇರಿಸಿತು. ಅಜ್ಜಂದಿರ ಕಾಲದ ಹಳ್ಳಿಯ ಹಾಡನ್ನು ಪಂಕ್ ತಂಡಗಳ ವೇಗದಲ್ಲಿ, ಅವುಗಳದೇ ದಾರಿಯಲ್ಲಿ ಕೊಂಡೊಯ್ದದ್ದು ಇವರ ವಿಶೇಷ.

ತಿರುಗಾಟದ ಅರ್ಥಶಾಸ್ತ್ರ ಸರಳವಾದದ್ದು, ಆದರೆ ನಿರ್ದಯವಾದದ್ದು. ಬಾಗಿಲಲ್ಲಿ ಸಂಗ್ರಹವಾದ ಟಿಕೆಟ್ ಹಣದಲ್ಲಿ ಒಂದು ಪಾಲು ತಂಡಕ್ಕೆ. ಅದರಲ್ಲಿ ಪೆಟ್ರೋಲು, ಊಟ, ವ್ಯಾನಿನ ರಿಪೇರಿ. ಹೋಟೆಲಿನ ಖರ್ಚು ಗಿಟ್ಟದಿದ್ದರೆ ಆ ಊರಿನ ಅಭಿಮಾನಿಯೊಬ್ಬನ ಮನೆಯ ನೆಲವೇ ಹಾಸಿಗೆ. ಸಭಾಂಗಣದ ಮೂಲೆಯಲ್ಲಿ ಒಂದು ಮೇಜು ಹಾಕಿ ಮಾರಿದ ಟೀ ಶರ್ಟು, ರೆಕಾರ್ಡುಗಳೇ ಎಷ್ಟೋ ತಂಡಗಳನ್ನು ಮುಂದಿನ ಊರಿಗೆ ಮುಟ್ಟಿಸಿವೆ. ಮೊದಲ ಸಲ ಬಂದಾಗ ಕೇಳಿದ ನಾಲ್ಕಾರು ಮಂದಿ ಎರಡನೆಯ ಸಲಕ್ಕೆ ಗೆಳೆಯರನ್ನು ಕರೆತರುತ್ತಾರೆ. ಜಾಹೀರಾತು ಎಂದರೆ ಇಷ್ಟೇ. ಇಂಥ ಕೇಳುಗ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕ ಮೇಲೆ ಸುಲಭಕ್ಕೆ ಬಿಟ್ಟುಹೋಗುವುದೂ ಇಲ್ಲ.

ಹತ್ತು ದಿನದ ಆಲ್ಬಮ್

1990ರ ಜನವರಿಯಲ್ಲಿ ತಂಡ ಬಾಸ್ಟನ್ನಿನ ‘ಫೋರ್ಟ್ ಅಪಾಚೆ’ ಸ್ಟುಡಿಯೊದಲ್ಲಿ ಮೊದಲ ಆಲ್ಬಮ್ ಧ್ವನಿಮುದ್ರಿಸಿತು. ಹತ್ತು ದಿನದ ಕೆಲಸ, 3,500 ಡಾಲರ್ ಖರ್ಚು. ಹೊರತಂದದ್ದು ‘ರಾಕ್‌ವಿಲ್’ ಎಂಬ ಸಣ್ಣ ಸ್ವತಂತ್ರ ಕಂಪನಿ. ಆಲ್ಬಮ್ಮಿಗೆ ಇಟ್ಟ ಹೆಸರು ‘ನೋ ಡಿಪ್ರೆಶನ್’. ಇದು ಕಾರ್ಟರ್ ಕುಟುಂಬ 1936ರಲ್ಲಿ, ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಧ್ವನಿಮುದ್ರಿಸಿದ ಭಕ್ತಿಗೀತೆಯೊಂದರಿಂದ ಬಂದದ್ದು. ಸ್ವರ್ಗದಲ್ಲಾದರೂ ಈ ಬಡತನವಿರಲಾರದು ಎಂಬುದು ಆ ಹಾಡಿನ ಭಾವ. ಆಲ್ಬಮ್ಮಿನ ಉಳಿದ ಹಾಡುಗಳು ರಾತ್ರಿ ಪಾಳಿ, ಕಾರ್ಖಾನೆಯ ಬೇಸರ, ವಿಸ್ಕಿ ಬಾಟಲಿಗಳನ್ನು ಕುರಿತವು. ಸಾವಧಾನವಾಗಿ ಸಾಗುವ ಕಂಟ್ರಿ ಧಾಟಿ ಇದ್ದಕ್ಕಿದ್ದಂತೆ ಸಿಡಿದು ಗಿಟಾರಿನ ಅಬ್ಬರವಾಗುತ್ತದೆ, ಅಷ್ಟೇ ಥಟ್ಟನೆ ನಿಲ್ಲುತ್ತದೆ.

ಎರಡನೆಯ ಆಲ್ಬಮ್ ‘ಸ್ಟಿಲ್ ಫೀಲ್ ಗಾನ್’ 1991ರಲ್ಲಿ ಬಂತು. ತಿರುಗಾಟದಲ್ಲಿ ಗಿಟಾರುಗಳ ಉಸ್ತುವಾರಿ ನೋಡುತ್ತಿದ್ದ ಬ್ರಯಾನ್ ಹೆನ್ನೆಮನ್ ಆಲ್ಬಮ್ಮುಗಳಲ್ಲಿಯೂ ನುಡಿಸಿದರು. ಮುಂದೆ ಅವರೂ ‘ಬಾಟಲ್ ರಾಕೆಟ್ಸ್’ ಎಂಬ ತಂಡ ಕಟ್ಟಿದರು. ವ್ಯಾನಿನೊಳಗೆ ಸಾಮಾನು ಹೊರುವವನಿಗೂ ಹಾಡುವವನಿಗೂ ಅಂತರವಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಇಷ್ಟಾದರೂ ಎರಡು ಆಲ್ಬಮ್ಮುಗಳ ರಾಯಲ್ಟಿಯನ್ನು ಕಂಪನಿ ತಂಡಕ್ಕೆ ಕೊಡಲಿಲ್ಲ. ಕೈಗೆ ಹತ್ತುತ್ತಿದ್ದುದು ವೇದಿಕೆಯ ದುಡ್ಡು ಮಾತ್ರ. ಈ ಜಗಳ ಮುಂದೆ ನ್ಯಾಯಾಲಯದ ಮೆಟ್ಟಿಲೇರಿತು. ಮೊದಲ ಮೂರು ಆಲ್ಬಮ್ಮುಗಳ ಹಕ್ಕು ಮರಳಿ ಸಿಕ್ಕಿದ್ದು 2000ದಲ್ಲಿ. ಆಗ ತಂಡವೇ ಇರಲಿಲ್ಲ.

ಆದರೆ ರಸ್ತೆ ಬೇರೆ ರೀತಿಯಲ್ಲಿ ಫಲ ಕೊಟ್ಟಿತು. ಜಾರ್ಜಿಯ ರಾಜ್ಯದ ಅಥೆನ್ಸ್ ಪಟ್ಟಣದ ‘40 ವ್ಯಾಟ್ ಕ್ಲಬ್’ನಲ್ಲಿ ಇವರು ಹಾಡಿದಾಗ ಸಭಿಕರ ನಡುವೆ ‘ಆರ್.ಇ.ಎಂ.’ ತಂಡದ ಗಿಟಾರ್ ವಾದಕ ಪೀಟರ್ ಬಕ್ ಇದ್ದರು. ಆಗಲೇ ಜಗತ್ಪ್ರಸಿದ್ಧರಾಗಿದ್ದ ಅವರು ಸಂಭಾವನೆ ಪಡೆಯದೆ ಇವರ ಮೂರನೆಯ ಆಲ್ಬಮ್ಮಿನ ನಿರ್ಮಾಣಕ್ಕೆ ನಿಂತರು. ಐದು ದಿನದಲ್ಲಿ ಮುಗಿದ ಆ ಆಲ್ಬಮ್ಮಿಗೆ ಧ್ವನಿಮುದ್ರಣದ ತಾರೀಖನ್ನೇ ಹೆಸರಾಗಿಟ್ಟರು: ‘ಮಾರ್ಚ್ 16–20, 1992’. ಸಿಯಾಟಲ್‌ನ ಅಬ್ಬರದ ರಾಕ್ ದೇಶವನ್ನೆಲ್ಲ ಆವರಿಸಿದ್ದ ವರ್ಷದಲ್ಲಿ ಇವರು ವಿದ್ಯುತ್ ಗಿಟಾರು ಬದಿಗಿಟ್ಟು, ಗಣಿ ಕಾರ್ಮಿಕರ ಹಳೆಯ ಹಾಡುಗಳನ್ನು ಹಾಡಿದರು. ಮಾರುಕಟ್ಟೆಯ ದೃಷ್ಟಿಯಿಂದ ಇದು ಹುಚ್ಚು. ಆದರೆ ತಮ್ಮ ಕೇಳುಗರು ಯಾರೆಂದು ಮುಖ ನೋಡಿ ಬಲ್ಲವರಿಗೆ ಈ ಧೈರ್ಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಒಡಕು

ಮೊದಲು ಹೊರಟವರು ಹೈಡಾರ್ನ್. ಸಂಸಾರ ಹೂಡಿ ಒಂದೆಡೆ ನೆಲೆಸಬೇಕೆಂಬ ಅವರ ಆಸೆಗೂ ವರ್ಷವಿಡೀ ತಿರುಗುವ ಬದುಕಿಗೂ ಹೊಂದಿಕೆಯಾಗಲಿಲ್ಲ. ತಂಡ ಹೊಸಬರನ್ನು ಸೇರಿಸಿಕೊಂಡಿತು. ‘ಸೈರ್’ ಎಂಬ ದೊಡ್ಡ ಕಂಪನಿಯೊಂದಿಗೆ ಒಪ್ಪಂದವಾಯಿತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಎಲ್ಲರೂ ಒಟ್ಟಿಗೆ ನಿಂತು ವೇದಿಕೆಯ ಮೇಲೆ ನುಡಿಸುವಂತೆಯೇ ನುಡಿಸಿ ಮುದ್ರಿಸಿದ ‘ಅನೊಡೈನ್’ 1993ರ ಅಕ್ಟೋಬರಿನಲ್ಲಿ ಹೊರಬಂತು. ಏಳು ವರ್ಷದ ತಿರುಗಾಟಕ್ಕೆ ಈಗ ಬೆಲೆ ಸಿಗುವ ಕಾಲ.

ಆಗಲೇ, 1994ರ ಜನವರಿಯಲ್ಲಿ, ತಾನು ತಂಡ ಬಿಡುತ್ತೇನೆಂದು ಫಾರರ್ ಹೇಳಿಬಿಟ್ಟರು. ಕಾರಣವನ್ನು ಫಾರರ್ ಮತ್ತು ಟ್ವೀಡಿ ಬೇರೆಬೇರೆಯಾಗಿ ಹೇಳಿದ್ದಾರೆ. ಒಂದೇ ತಂಡದಲ್ಲಿ ಹಾಡು ಬರೆಯುವ ಇಬ್ಬರು, ಇಬ್ಬರಿಗೂ ತಮ್ಮದೇ ದನಿ. ಮೊದಮೊದಲು ಹೆಚ್ಚಿನ ಹಾಡು ಫಾರರ್ ಅವರದು. ವರ್ಷ ಕಳೆದಂತೆ ಟ್ವೀಡಿಯ ಪಾಲು ಬೆಳೆಯಿತು. ಇಂಥ ಇಬ್ಬರು ಒಂದೇ ಊರಿನಲ್ಲಿ ಬೇರೆಬೇರೆ ಮನೆಯಲ್ಲಿದ್ದರೆ ಹೇಗೋ ಸಾಗುತ್ತಿತ್ತೇನೋ. ಒಂದು ವ್ಯಾನಿನಲ್ಲಿ ಸಾವಿರಾರು ಮೈಲಿ ಒಟ್ಟಿಗೆ ಕುಳಿತವರಿಗೆ ಮೌನಕ್ಕೂ ಜಾಗವಿರುವುದಿಲ್ಲ.

ಒಡೆದ ಮೇಲೂ ತಿರುಗಾಟ ತಪ್ಪಲಿಲ್ಲ. ತಂಡವನ್ನು ನಡೆಸಲು ಮಾರ್ಗರಿಟಾ ತಮ್ಮ ಕೈಯಿಂದ ಸಾಕಷ್ಟು ಹಣ ಹಾಕಿದ್ದರು. ಆ ಋಣ ತೀರಿಸಲೆಂದು ಕೊನೆಯದೊಂದು ಪ್ರವಾಸಕ್ಕೆ ಫಾರರ್ ಒಪ್ಪಿದರು. ಒಬ್ಬರೊಡನೊಬ್ಬರಿಗೆ ಮಾತು ಬೇಡವಾದವರು ಅದೇ ಹಾಡುಗಳನ್ನು ಊರೂರಿನಲ್ಲಿ ಹಾಡಿದರು. ಕೊನೆಯ ಪ್ರದರ್ಶನ ಸೇಂಟ್ ಲೂಯಿಸ್‌ನ ‘ಮಿಸಿಸಿಪಿ ನೈಟ್ಸ್’ನಲ್ಲಿ. ಅಂದು ಹೈಡಾರ್ನ್ ಕೂಡ ಬಂದು ಡ್ರಮ್ಸ್ ಮುಂದೆ ಕುಳಿತರು.

ಉಳಿದ ಆಸ್ತಿ

1995ರಲ್ಲಿ ಫಾರರ್ ಹೈಡಾರ್ನ್ ಜೊತೆಗೂಡಿ ‘ಸನ್ ವೋಲ್ಟ್’ ತಂಡದ ಮೊದಲ ಆಲ್ಬಮ್ ತಂದರು. ಟ್ವೀಡಿ ಉಳಿದವರೊಂದಿಗೆ ‘ವಿಲ್ಕೊ’ ತಂಡದ ಮೊದಲ ಆಲ್ಬಮ್ ತಂದರು. ಅದೇ ವರ್ಷ ಸಿಯಾಟಲ್‌ನಲ್ಲಿ ಗ್ರ್ಯಾಂಟ್ ಆಲ್ಡನ್ ಮತ್ತು ಪೀಟರ್ ಬ್ಲ್ಯಾಕ್‌ಸ್ಟಾಕ್ ‘ನೋ ಡಿಪ್ರೆಶನ್’ ಎಂಬ ಪತ್ರಿಕೆ ಆರಂಭಿಸಿದರು. ಕಂಟ್ರಿಯ ಬೇರು, ರಾಕ್‌ನ ಕೊಂಬೆ ಇರುವ ಈ ಬಗೆಯ ಸಂಗೀತವನ್ನು ‘ಆಲ್ಟರ್ನೇಟಿವ್ ಕಂಟ್ರಿ’ ಎಂದು ಕರೆಯುವ ರೂಢಿ ಬೆಳೆಯಿತು.

ರಸ್ತೆಯಲ್ಲಿ ಗಳಿಸಿದ ಕೇಳುಗರ ಬಲ ಎಂಥದೆಂದು ಸ್ಪಷ್ಟವಾದದ್ದು 2001ರಲ್ಲಿ. ವಿಲ್ಕೊ ಒಪ್ಪಿಸಿದ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಆಲ್ಬಮ್ಮನ್ನು ಅದರ ಕಂಪನಿ ತಿರಸ್ಕರಿಸಿತು. ತಂಡ ಹಕ್ಕು ಬಿಡಿಸಿಕೊಂಡು, ಅಂತರಜಾಲದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಕೇಳಲೆಂದು ಇಟ್ಟು, ಪ್ರವಾಸ ಹೊರಟಿತು. 2002ರಲ್ಲಿ ಬೇರೊಂದು ಕಂಪನಿ ಹೊರತಂದಾಗ ಅದು ತಂಡದ ಅತ್ಯಂತ ಯಶಸ್ವಿ ಆಲ್ಬಮ್ ಆಯಿತು. ಅದೇ ದಾರಿಯ ಮುಂದಿನ ಪಥಿಕರಾದ ‘ಡ್ರೈವ್-ಬೈ ಟ್ರಕರ್ಸ್’ 2001ರ ‘ಸದರ್ನ್ ರಾಕ್ ಆಪೆರಾ’ ಆಲ್ಬಮ್ಮಿಗೆ ಬೇಕಾದ ಹಣವನ್ನು ಗೆಳೆಯರು, ಅಭಿಮಾನಿಗಳಿಂದಲೇ ಬಡ್ಡಿಗೆ ಸಾಲ ಎತ್ತಿದರು. ಬ್ಯಾಂಕು ನಂಬದವರನ್ನು ಕೇಳುಗರು ನಂಬಿದ್ದರು.

‘ಮಿಸಿಸಿಪಿ ನೈಟ್ಸ್’ 2007ರಲ್ಲಿ ಮುಚ್ಚಿತು. ಅಂಕಲ್ ಟುಪೆಲೊ ಮತ್ತೆ ಒಂದಾಗಲಿಲ್ಲ. ಫಾರರ್ ಮತ್ತು ಟ್ವೀಡಿ ಇಬ್ಬರೂ ತಮ್ಮತಮ್ಮ ತಂಡಗಳೊಂದಿಗೆ ತಿರುಗುತ್ತಲೇ ಇದ್ದಾರೆ. ಕಂಪನಿಗಳು ಹಾಡಿನ ಹಕ್ಕನ್ನು ಕೊಳ್ಳಬಹುದು, ಮಾರಬಹುದು, ಕೊಡಬೇಕಾದ್ದನ್ನು ಕೊಡದೆಯೂ ಇರಬಹುದು. ಊರಿಂದೂರಿಗೆ ನಡೆದು ಸಂಪಾದಿಸಿದ ಕೇಳುಗರನ್ನು ಮಾತ್ರ ಅವು ಒಪ್ಪಂದದಲ್ಲಿ ಬರೆಸಿಕೊಳ್ಳಲಾರವು. ಆ ಆಸ್ತಿಯನ್ನು ಗಳಿಸಲು ತೆತ್ತ ಬೆಲೆ ಒಂದು ಗೆಳೆತನ ಎಂಬುದನ್ನೂ ಚರಿತ್ರೆ ಮರೆಯಬಾರದು.