20 ರೂಪಾಯಿ ಕಟ್ಟಬೇಕಾದವರು ಯಾರು?

2022ರ ನವೆಂಬರ್ 4, ಶುಕ್ರವಾರ ರಾತ್ರಿ. ಕೂಲಿ ಮುಗಿಸಿ ಆಟೋದಲ್ಲಿ ಊರಿಗೆ ಹೊರಟಿದ್ದ ಹೆಣ್ಣುಮಕ್ಕಳು. ಬೇಮಳಖೇಡದ ಸರ್ಕಾರಿ ಶಾಲೆ ಹತ್ತಿರ ಆಟೋಗೂ ಲಾರಿಗೂ ಡಿಕ್ಕಿ. ಏಳು ಹೆಂಗಸರು ತೀರಿಕೊಂಡರು. ಬೇಮಳಖೇಡ ಈಗ ಚಿಟಗುಪ್ಪ ತಾಲ್ಲೂಕು, ಮೊದಲು ಹುಮನಾಬಾದಿಗೇ ಸೇರಿದ್ದ ಊರು. ಬೆಳಗಾಗುವಷ್ಟರಲ್ಲಿ ಬ್ರೇಕಿಂಗ್ ನ್ಯೂಸ್. ಪ್ರಧಾನಿ ಪರಿಹಾರ ನಿಧಿಯಿಂದ ಮೃತರ ಕುಟುಂಬಕ್ಕೆ ತಲಾ 2 ಲಕ್ಷ ಘೋಷಣೆ ಆಯ್ತು.

ಆಗಲೇಬೇಕಿತ್ತು, ಆಯ್ತು. ನನ್ನ ಪ್ರಶ್ನೆ ಬೇರೆ. ಅದೇ ರಸ್ತೆಯಲ್ಲಿ ಒಬ್ಬಳೇ ಹೆಂಗಸು ಕಬ್ಬಿನ ಟ್ರಾಲಿಯಿಂದ ಬಿದ್ದು ಸತ್ತಿದ್ದರೆ? ನಮ್ಮ ಚಾನೆಲ್‌ಗಳೇ ಸುದ್ದಿ ಮಾಡ್ತಿರಲಿಲ್ಲ, ಇನ್ನು ನಿಧಿ ಎಲ್ಲಿಂದ ಬರಬೇಕು? ಏಳು ಸಾವಾದರೆ ಪರಿಹಾರ, ಒಂದು ಸಾವಾದರೆ ಪೇಪರ್‌ನ ಮೂಲೆಯಲ್ಲಿ ಎರಡು ಸಾಲು. ದಯೆಯ ಲೆಕ್ಕಾಚಾರ ಹೀಗೇ ಇರುತ್ತೆ. ವಿಮೆ ಅನ್ನೋದು ದಯೆ ಅಲ್ಲ ವೀಕ್ಷಕರೇ, ಅದು ಹಕ್ಕು. ಇಷ್ಟು ಸಣ್ಣ ಮಾತು ಕಾನೂನಿನ ಪುಸ್ತಕಕ್ಕೆ ಸೇರೋದಕ್ಕೆ ಎಷ್ಟು ವರ್ಷ ಹಿಡೀತು ನೋಡಿ.

1884ರಲ್ಲಿ ಜರ್ಮನಿಯ ಬಿಸ್ಮಾರ್ಕ್ ಕಾರ್ಮಿಕರ ಅಪಘಾತ ವಿಮೆ ಕಾನೂನು ತಂದ. ಬಿಸ್ಮಾರ್ಕ್ ಏನೂ ಕಾರ್ಮಿಕ ನಾಯಕ ಅಲ್ಲ, ಸಮಾಜವಾದಿಗಳನ್ನು ಕಂಡರೆ ಆಗದ ಮನುಷ್ಯ. ಆದರೂ ಆ ಕಾನೂನಿನಲ್ಲಿ ಕಂತು ಕಟ್ಟೋನು ಮಾಲೀಕ. ಯಂತ್ರ ನಿನ್ನದು, ಲಾಭ ನಿನ್ನದು, ಅಂದಮೇಲೆ ಅಪಘಾತದ ಖರ್ಚೂ ನಿನ್ನದೇ ಅನ್ನೋ ಲೆಕ್ಕ. ನಮ್ಮಲ್ಲಿ ಬ್ರಿಟಿಷರು 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಮಾಡಿದರು, 1924ರ ಜುಲೈ 1ರಿಂದ ಜಾರಿ. ಅಲ್ಲೂ ಹೊಣೆ ಮಾಲೀಕನದೇ. ಆದರೆ ಅದರ ಕಣ್ಣು ಕಾರ್ಖಾನೆ, ಗಣಿ, ರೈಲಿನ ಮೇಲಿತ್ತು. ಹೊಲದ ಕೂಲಿಯ ಕಡೆ ಅಷ್ಟಾಗಿ ತಿರುಗಲಿಲ್ಲ. ಮೇಲಾಗಿ ಅದು ಬ್ರಿಟಿಷ್ ಇಂಡಿಯಾದ ಕಾನೂನು, ಹುಮನಾಬಾದ್ ಇದ್ದದ್ದು ನಿಜಾಮರ ಸಂಸ್ಥಾನದಲ್ಲಿ.

1948ರಲ್ಲಿ ಇಎಸ್‌ಐ ಕಾಯ್ದೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನವೂ ಭಾರತಕ್ಕೆ ಸೇರಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ಕಾರ್ಖಾನೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಇಎಸ್‌ಐ ಸಿಕ್ತು. ಕಬ್ಬು ಕಡಿಯೋನಿಗೆ, ಗಾರೆ ಕಲಸೋಳಿಗೆ, ಹೈದರಾಬಾದ್ ಹೆದ್ದಾರಿಯ ಢಾಬಾದಲ್ಲಿ ತಟ್ಟೆ ತೊಳೆಯೋ ಹುಡುಗನಿಗೆ? ಕಾಯಕಕ್ಕೆ ಗೌರವ ಕೊಟ್ಟ ಕಲ್ಯಾಣ ಪಕ್ಕದಲ್ಲೇ ಇದೆ. ಕಾಯಕ ಮಾಡ್ತಾ ಕೈ ಹೋದರೆ ಮನೆ ನಡೆಸೋರು ಯಾರು ಅನ್ನೋದಕ್ಕೆ ಮಾತ್ರ ಉತ್ತರ ಸಿಕ್ಕಿರಲಿಲ್ಲ.

2015ರಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬಂತು. ವರ್ಷಕ್ಕೆ 12 ರೂಪಾಯಿ. 2022ರ ಜೂನ್‌ನಿಂದ 20. ಎರಡು ಚಹಾದ ದುಡ್ಡು. 18ರಿಂದ 70 ವರ್ಷದೊಳಗಿನ ಯಾರಿಗಾದರೂ ಸಿಗುತ್ತೆ, ಉಳಿತಾಯ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ಸತ್ತರೆ 2 ಲಕ್ಷ. ಎರಡೂ ಕಣ್ಣು ಅಥವಾ ಎರಡೂ ಕೈ ಹೋದರೂ ಅಷ್ಟೇ. ಒಂದು ಕಣ್ಣೋ ಒಂದು ಕೈಯೋ ಒಂದು ಕಾಲೋ ಪೂರ್ತಿ ಹೋದರೆ 1 ಲಕ್ಷ. ಹಾವು ಕಚ್ಚಿದರೂ, ಮರದಿಂದ ಬಿದ್ದರೂ ಲೆಕ್ಕಕ್ಕೆ ಬರುತ್ತೆ, ಆದರೆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ನಾಟಿ ಔಷಧಿ ಅಂತ ಮನೆಯಲ್ಲೇ ಕೂತರೆ ಜೀವವೂ ಹೋಯ್ತು, ಕಾಗದವೂ ಇಲ್ಲ. ಹೃದಯಾಘಾತ ಇದರಲ್ಲಿ ಬರಲ್ಲ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಒಂದು ಪೈಸೆಯೂ ಇಲ್ಲ. ಕೂಲಿಯವರನ್ನು ಸಾಲಕ್ಕೆ ದೂಡೋದು ಆ ಮೂರು ತಿಂಗಳೇ ಅಲ್ವಾ ಸ್ವಾಮಿ?

ಯೋಜನೆಯನ್ನು ನಾನು ಹೀಗಳೆಯುತ್ತಿಲ್ಲ, ಮಾಡಿಸಿಕೊಳ್ಳಿ ಅಂತಲೇ ಹೇಳ್ತೀನಿ. ಆದರೆ 1884ರಲ್ಲಿ ಮಾಲೀಕ ಕಟ್ಟುತ್ತಿದ್ದ ಕಂತನ್ನು ಈಗ ಕೂಲಿಯವಳೇ ಕಟ್ಟುತ್ತಿದ್ದಾಳೆ ಅನ್ನೋದನ್ನು ಮರೆಯೋದು ಬೇಡ. ಇಪ್ಪತ್ತು ಆಳು ಕರೆತರುವ ಮೇಸ್ತ್ರಿ, ಗುತ್ತಿಗೆದಾರ, ಜಮೀನುದಾರ ವರ್ಷಕ್ಕೆ 400 ರೂಪಾಯಿ ಹಾಕಿದರೆ ಇಪ್ಪತ್ತೂ ಮನೆಗೆ ಆಗುತ್ತೆ.

ಈ ವಿಮೆಯ ವರ್ಷ ಜೂನ್ 1ಕ್ಕೆ ಶುರು, ಮೇ 31ಕ್ಕೆ ಮುಗಿಯುತ್ತೆ. ದುಡ್ಡು ಖಾತೆಯಿಂದ ತಾನಾಗೇ ಕಡಿತ ಆಗುತ್ತೆ, ಖಾತೆ ಖಾಲಿ ಇದ್ದರೆ ವಿಮೆಯೂ ಇಲ್ಲ. ಬೇಸಿಗೆಯಲ್ಲಿ ಕೆಲಸ ಇರಲ್ಲ, ಎಷ್ಟೋ ಮನೆಗಳಲ್ಲಿ ಖಾತೆ ಖಾಲಿಯಾಗೋದೂ ಆಗಲೇ. ಮೇ ತಿಂಗಳಲ್ಲಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, 20 ರೂಪಾಯಿ ಇದೆಯಾ, ನಾಮಿನಿ ಹೆಸರು ಬರೆದಿದೆಯಾ, ಎರಡನ್ನೂ ಕೇಳಿ ಬನ್ನಿ.